ಮನೆಯೊಳಗೆ ಏಟು ತಿನ್ನುವ ಗಂಡಸರು ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಥ ಕರೆಗಳು ಹೆಚ್ಚಾಗಿ ಬರುವುದು ರಾತ್ರಿ ಹತ್ತರ ಮೇಲೆ. ಮೊದಲು ಕಾರಿನ ಬಾಗಿಲು ಹಾಕಿಕೊಂಡ ಸದ್ದು, ಆಮೇಲೆ ಸ್ವಲ್ಪ ಹೊತ್ತು ಮೌನ, ಆಮೇಲೆ "ಸಾರ್, ಇದು ನನಗಲ್ಲ, ನನ್ನ ಸ್ನೇಹಿತನಿಗಾಗಿ ಕೇಳುತ್ತಿದ್ದೇನೆ" ಎಂಬ ಮಾತು. ಸ್ನೇಹಿತನ ಹೆಸರನ್ನು ನಾನು ಕೇಳುವುದಿಲ್ಲ. ಕೆಲವು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಇಂಥ ಕರೆಗಳಿಗೆ ಕಿವಿಯಾಗಿ ಕೂತವನು ನಾನು. ವಕೀಲನಲ್ಲ, ವೈದ್ಯನೂ ಅಲ್ಲ. ಯಾವ ಬಾಗಿಲು ತಟ್ಟಿದರೆ ತೆರೆಯುತ್ತದೆ, ಯಾವುದು ತೆರೆಯುವುದಿಲ್ಲ ಎಂಬುದಷ್ಟೇ ನನಗೆ ಗೊತ್ತು. ಈ ಕ್ಷಣ ಜೀವಕ್ಕೆ ಅಪಾಯವಿದ್ದರೆ ಓದುವುದನ್ನು ಬಿಟ್ಟು 112ಕ್ಕೆ ಕರೆ ಮಾಡಿ.

ನನಗೆ ಆಗುತ್ತಿರುವುದು ದೌರ್ಜನ್ಯವೋ, ಬರೀ ಜಗಳವೋ?

ಜಗಳವಾದರೆ ಎರಡೂ ಕಡೆ ಮಾತಿರುತ್ತದೆ, ಮರುದಿನ ಬೆಳಿಗ್ಗೆ ಕಾಫಿಯೂ ಇರುತ್ತದೆ. ಬಾಗಿಲ ಚಿಲಕದ ಸದ್ದಿಗೆ ನಿಮ್ಮ ಹೊಟ್ಟೆ ತೊಳಸತೊಡಗಿದ್ದರೆ ಅದು ಜಗಳವಲ್ಲ. ಹೊಡೆಯುವುದು, ಪರಚುವುದು, ಕೈಗೆ ಸಿಕ್ಕಿದ್ದನ್ನು ಎಸೆಯುವುದು ಕಣ್ಣಿಗೆ ಕಾಣುವಂಥದ್ದು. ಸಂಬಳದ ಎಟಿಎಂ ಕಾರ್ಡ್ ಕಿತ್ತಿಟ್ಟುಕೊಂಡು ಪೆಟ್ರೋಲಿಗೂ ಲೆಕ್ಕ ಕೇಳುವುದು, ಊರಿನಲ್ಲಿರುವ ತಾಯಿಗೆ ಫೋನ್ ಮಾಡಲು ಬಿಡದಿರುವುದು, ಮೊಬೈಲ್ ತಡಕಾಡುವುದು, ಮಗುವಿನ ಎದುರು "ನಿಮ್ಮಪ್ಪ ಕೈಲಾಗದವನು" ಎಂದು ದಿನಾ ಹೇಳುವುದು, "ನಾನು ಸಾಯುತ್ತೇನೆ, ಚೀಟಿಯಲ್ಲಿ ನಿನ್ನ ಹೆಸರು ಬರೆದಿಡುತ್ತೇನೆ" ಎಂದು ಹೆದರಿಸುವುದು ಕಾಣದಂಥದ್ದು. ಮಾಡುವವರು ಹೆಂಡತಿಯೇ ಆಗಬೇಕೆಂದಿಲ್ಲ. ಭಾವಮೈದುನ, ಬೆಳೆದ ಮಗ, ಜೊತೆಗಿರುವ ಸಂಗಾತಿ, ಯಾರೂ ಆಗಬಹುದು.

ಒಬ್ಬರನ್ನು ನೆನಪಿಸಿಕೊಳ್ಳುತ್ತೇನೆ. ನಲವತ್ತು ದಾಟಿದ ಗುಮಾಸ್ತರು, ಏಪ್ರಿಲ್ ಬಿಸಿಲಿನಲ್ಲಿ ತುಂಬು ತೋಳಿನ ಅಂಗಿ ತೊಟ್ಟು ಬಂದಿದ್ದರು. ಮಣಿಕಟ್ಟಿನ ಮೇಲೆ ಅರ್ಧಚಂದ್ರದ ಆಕಾರದ ಸುಟ್ಟ ಗಾಯ. "ಗೀಸರ್ ನೀರು ಸಿಡಿಯಿತು" ಎಂದರು. ಗೀಸರ್ ನೀರು ಅಷ್ಟು ಅಚ್ಚುಕಟ್ಟಾದ ಗುರುತು ಮಾಡುವುದಿಲ್ಲ. ಒಗ್ಗರಣೆ ಸೌಟು ಮಾಡುತ್ತದೆ. ಅದನ್ನು ಒಪ್ಪಿಕೊಳ್ಳಲು ಅವರಿಗೆ ಮೂರು ಭೇಟಿ ಬೇಕಾಯಿತು.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ನಾನು ದೂರು ಕೊಡಬಹುದೇ?

ಇಲ್ಲ. ಆ ಕಾಯ್ದೆಯ ಹೆಸರಿನಲ್ಲೇ ಮಹಿಳೆಯರ ರಕ್ಷಣೆ ಎಂದಿದೆ. ಬಾಧಿತರು ಮಹಿಳೆಯೇ ಆಗಿರಬೇಕು. 2016ರಲ್ಲಿ ಸುಪ್ರೀಂ ಕೋರ್ಟ್ 'ವಯಸ್ಕ ಪುರುಷ' ಎಂಬ ಪದಗಳನ್ನು ತೆಗೆದುಹಾಕಿದ್ದು ನಿಜ, ಆದರೆ ಅದು ಎದುರುದಾರರ ವ್ಯಾಖ್ಯೆಯಿಂದ. ಅಂದರೆ ಈಗ ಹೆಂಗಸಿನ ಮೇಲೂ ದೂರು ಕೊಡಬಹುದು, ಕೊಡುವವರು ಮಾತ್ರ ಹೆಂಗಸೇ ಆಗಿರಬೇಕು. ನಿಮ್ಮ ಜೊತೆಗಿರುವ ತಾಯಿಗೂ ಸೊಸೆಯಿಂದ ಏಟು ಬೀಳುತ್ತಿದ್ದರೆ ಅವರು ಈ ಕಾಯ್ದೆಯಡಿ ಹೋಗಬಹುದು. ನೀವು ಹೋಗುವಂತಿಲ್ಲ.

ಇದಕ್ಕೆ ಸಿಟ್ಟು ಮಾಡಿಕೊಳ್ಳುವವರಿಗೆ ಒಂದು ಅಂಕಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಆ ಕಾಯ್ದೆ ಯಾಕೆ ಬಂತು ಎಂಬುದಕ್ಕೆ ಅಷ್ಟು ಸಾಕು. ಅದರಿಂದ ನಿಮ್ಮ ಗಾಯ ಸುಳ್ಳಾಗುವುದಿಲ್ಲ. ನಿಮ್ಮ ದಾರಿ ಬೇರೆ, ಅಷ್ಟೇ.

ಹಾಗಾದರೆ ನನಗಿರುವ ಕಾನೂನು ಯಾವುದು?

ಸಾಮಾನ್ಯ ಅಪರಾಧ ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಲ್ಲೆಗೆ ಹೆಣ್ಣು ಗಂಡು ಎಂಬ ಭೇದವಿಲ್ಲ. ಕೈಯಿಂದ ಹೊಡೆದು ನೋವು ಮಾಡಿದರೆ 115(2)ನೇ ಕಲಮು. ಮೂಳೆ ಮುರಿಯುವಂಥ ತೀವ್ರ ಗಾಯವಾದರೆ 117. ಚಾಕು ಮುಂತಾದ ಅಪಾಯಕಾರಿ ಆಯುಧ, ಬೆಂಕಿ ಅಥವಾ ಕಾದ ವಸ್ತುವಿನಿಂದ ಗಾಯ ಮಾಡಿದರೆ 118. ಆ ಸೌಟು ಬರುವುದು ಇಲ್ಲಿಗೆ. ಕೋಣೆಯಲ್ಲಿ ಕೂಡಿಹಾಕಿದರೆ 127, ಬೆದರಿಕೆ ಹಾಕಿದರೆ 351, ಹೆದರಿಸಿ ಹಣ ಕಿತ್ತರೆ 308.

ಇವುಗಳ ನಡುವಿನ ವ್ಯತ್ಯಾಸ ಠಾಣೆಯಲ್ಲಿ ಮುಖ್ಯವಾಗುತ್ತದೆ. 115(2) ಅಸಂಜ್ಞೇಯ ಅಪರಾಧ, ಎಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ, ಬರೆದು ರಸೀದಿ ಕೊಡುತ್ತಾರೆ. 118 ಸಂಜ್ಞೇಯ, ಅದಕ್ಕೆ ನೇರವಾಗಿ ಎಫ್‌ಐಆರ್ ದಾಖಲಿಸಬೇಕು.

ಇನ್ನೊಂದು ದಾರಿ ಬಹಳ ಮಂದಿಗೆ ಗೊತ್ತಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಮಿನ ಪ್ರಕಾರ, ವೈವಾಹಿಕ ಸಂಬಂಧದಿಂದ ಹುಟ್ಟಿದ ಸಂದರ್ಭಗಳಲ್ಲಿ ತಡೆಯಾಜ್ಞೆ ಕೇಳುವ ದಾವೆಯನ್ನು ಗಂಡನೂ ಹಾಕಬಹುದು. ಕಚೇರಿಗೆ ಬಂದು ಗಲಾಟೆ ಮಾಡಬಾರದು, ಇಂಥ ಕಡೆ ಕಾಲಿಡಬಾರದು ಎಂಬ ಆದೇಶವನ್ನು ಅಲ್ಲಿ ಕೇಳಬಹುದು. ಮಹಿಳೆಯರಿಗಿರುವ ರಕ್ಷಣಾ ಆದೇಶದಷ್ಟು ಚುರುಕಾದ ಅಸ್ತ್ರ ಇದಲ್ಲ. ಆದರೂ ಗಂಡಸಿಗೆ ಅದಕ್ಕೆ ಹತ್ತಿರದ್ದು ಇದೇ.

112ಕ್ಕೆ ಕರೆ ಮಾಡಿದರೆ ಪೊಲೀಸರು ನಗುವುದಿಲ್ಲವೇ?

ಕೆಲವರು ನಗುತ್ತಾರೆ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನೂ ಹೇಳಿ ಕಳಿಸುತ್ತಾರೆ. ಆದರೂ ಕರೆ ಮಾಡಿ. ನಿಮ್ಮ ಕರೆ, ಸಮಯ, ಪೊಲೀಸರ ಹೊಯ್ಸಳ ಗಸ್ತು ವಾಹನ ಮನೆ ಮುಂದೆ ಬಂದು ನಿಂತದ್ದು, ಎಲ್ಲವೂ ದಾಖಲಾಗುತ್ತದೆ. ಆರು ತಿಂಗಳ ನಂತರ ಯಾರಾದರೂ "ಇದುವರೆಗೆ ಯಾಕೆ ಸುಮ್ಮನಿದ್ದೆ?" ಎಂದು ಕೇಳಿದಾಗ ಉತ್ತರ ಕೊಡುವುದು ಆ ದಾಖಲೆ.

ಕರೆಯಲ್ಲಿ ಚರಿತ್ರೆ ಹೇಳಬೇಡಿ. "ನನ್ನ ಮೇಲೆ ಹಲ್ಲೆ ಆಗುತ್ತಿದೆ, ಕೈಯಲ್ಲಿ ಚಾಕು ಇದೆ, ಮನೆಯಲ್ಲಿ ಮಗು ಇದೆ, ವಿಳಾಸ ಇದು" ಎಂದಷ್ಟೇ ಹೇಳಿ.

ಠಾಣೆಯಲ್ಲಿ ದೂರನ್ನು ತೆಗೆದುಕೊಳ್ಳದಿದ್ದರೆ?

ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬಿಳಿ ಹಾಳೆಯಲ್ಲಿ ದಿನಾಂಕ, ಸಮಯ, ಏನಾಯಿತು ಎಂಬುದನ್ನು ಕನ್ನಡದಲ್ಲೇ ಬರೆದು ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು ಮತ್ತು ಸಹಿ ಹಾಕಿಸಿಕೊಳ್ಳಿ. ದೂರನ್ನು ಮುಕ್ತಾಯಗೊಳಿಸಿದರೆ ಹಿಂಬರಹ, ಅಂದರೆ ಯಾಕೆ ಮುಗಿಸಿದರೆಂದು ಪೊಲೀಸರು ಬರೆದುಕೊಡುವ ಕಾಗದ, ಕೇಳಿ ಪಡೆಯಿರಿ. ಹಿಂಬರಹದಲ್ಲಿ 'ಇದು ಕೌಟುಂಬಿಕ ವಿಚಾರ, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ' ಎಂದು ಬರೆದಿದ್ದರೂ ಬೇಸರಪಡಬೇಡಿ, ಅದೂ ಒಂದು ಕಾಗದವೇ. ಠಾಣೆಯ ವ್ಯಾಪ್ತಿ ಯಾವುದು ಎಂಬ ನೆಪಕ್ಕೆ ಅರ್ಥವಿಲ್ಲ, ಸಂಜ್ಞೇಯ ಅಪರಾಧವಾದರೆ ಯಾವ ಠಾಣೆಯಲ್ಲಾದರೂ ಶೂನ್ಯ ಎಫ್‌ಐಆರ್ ದಾಖಲಿಸಬಹುದು. ಆಗದಿದ್ದರೆ, ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 173(4)ರಡಿ ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಗಾಯವಾಗಿದೆ. ಆಸ್ಪತ್ರೆಯಲ್ಲಿ ಏನೆಂದು ಹೇಳಲಿ?

ನಿಜ ಹೇಳಿ. ಬಹುತೇಕರು ಎಡವುವುದು ಇಲ್ಲೇ. "ಬಾತ್‌ರೂಮಿನಲ್ಲಿ ಜಾರಿದೆ" ಎಂದು ಹೊರರೋಗಿ ಚೀಟಿಯಲ್ಲಿ ಬರೆಸಿಬಿಟ್ಟರೆ ಆ ಚೀಟಿ ನಾಳೆ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ವಿಕ್ಟೋರಿಯಾ, ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರದ ಜನರಲ್ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ "ಹಲ್ಲೆಯಾಗಿದೆ, ಎಂಎಲ್‌ಸಿ ಮಾಡಿ" ಎನ್ನಿ. ಎಂಎಲ್‌ಸಿ ಎಂದರೆ ಪೊಲೀಸರಿಗೂ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ. ವೈದ್ಯರು ಗಾಯದ ಅಳತೆ, ಜಾಗ, ಎಷ್ಟು ಹೊತ್ತಿನದು ಎಂದು ಬರೆದು ಠಾಣೆಗೆ ತಿಳಿಸುತ್ತಾರೆ. ಮುಂದೆ ಪೊಲೀಸರು ಕೇಳಿದಾಗ ಅದೇ ಗಾಯದ ಪ್ರಮಾಣಪತ್ರವಾಗುತ್ತದೆ. ಪರಚಿದ ಗುರುತು ಎರಡು ದಿನದಲ್ಲಿ ಮಾಯವಾಗುತ್ತದೆ, ಅದಕ್ಕೆ ಅಂದೇ ಹೋಗಿ.

ಗುಟ್ಟಾಗಿ ರೆಕಾರ್ಡ್ ಮಾಡಿದ ಮಾತು ನ್ಯಾಯಾಲಯದಲ್ಲಿ ನಡೆಯುತ್ತದೆಯೇ?

ವೈವಾಹಿಕ ಪ್ರಕರಣಗಳಲ್ಲಿ ನಡೆಯುತ್ತದೆ. ದಂಪತಿಯಲ್ಲಿ ಒಬ್ಬರು ಗುಟ್ಟಾಗಿ ರೆಕಾರ್ಡ್ ಮಾಡಿದ ಸಂಭಾಷಣೆಯನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಮೂಲ ಫೋನನ್ನು ಮಾರಬೇಡಿ, ಕತ್ತರಿಸಿದ ತುಣುಕಿನ ಬದಲು ಪೂರ್ತಿ ಕಡತ ಇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನು ವಕೀಲರು ಸಿದ್ಧಪಡಿಸುತ್ತಾರೆ. ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇಡುವ ಸಾಹಸಕ್ಕೆ ಮಾತ್ರ ಕೈ ಹಾಕಬೇಡಿ. ಅದು ನಿಮ್ಮನ್ನೇ ಆರೋಪಿಯಾಗಿಸುತ್ತದೆ.

ಮಾತನಾಡಲು ಯಾರಿದ್ದಾರೆ? 181ಕ್ಕೆ ಕರೆ ಮಾಡಬಹುದೇ?

181 ಮಹಿಳೆಯರದ್ದು. ನೊಂದ ಗಂಡಸರಿಗೆಂದೇ ಸರ್ಕಾರದ ಪ್ರತ್ಯೇಕ ಸಂಖ್ಯೆಯನ್ನು ಹುಡುಕುತ್ತಾ ಸಮಯ ಕಳೆಯಬೇಡಿ. ಇರುವುದನ್ನು ಬಳಸಿ.

14416, ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಇದರ ಮೇಲ್ವಿಚಾರಣೆ ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನಿದ್ದೆ ಕೆಟ್ಟಿದ್ದರೆ, ಸಾಯುವ ಯೋಚನೆ ಸುಳಿದಿದ್ದರೆ, ವಕೀಲರಿಗಿಂತ ಮೊದಲು ಇಲ್ಲಿಗೆ ಕರೆ ಮಾಡಿ. ಯೋಚನೆ ಬಲವಾಗಿದ್ದರೆ ಕಾಯಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೇ ಹೋಗಿ. ಎದುರು ಕೂತು ಮಾತನಾಡಬೇಕೆನಿಸಿದರೆ ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನದೇ ಯೋಗಕ್ಷೇಮ ಕೇಂದ್ರವಿದೆ, ಇಂದಿರಾನಗರದಲ್ಲಿ ಪರಿವರ್ತನ್ ಆಪ್ತಸಮಾಲೋಚನಾ ಕೇಂದ್ರವಿದೆ. ಐಟಿ ಕಂಪನಿಯಲ್ಲಿದ್ದರೆ ನೌಕರರಿಗೆ ಉಚಿತ ಆಪ್ತಸಮಾಲೋಚನೆ ಇದೆಯೇ ಎಂದು ವಿಚಾರಿಸಿ. ಅನೇಕ ಕಡೆ ಇರುತ್ತದೆ, ಕೇಳುವವರಿರುವುದಿಲ್ಲ.

ಬೆಂಗಳೂರಿನಲ್ಲಿ ನೆಲೆಯಿರುವ ಸೇವ್ ಇಂಡಿಯನ್ ಫ್ಯಾಮಿಲಿ ಫೌಂಡೇಶನ್ ಗಂಡಸರಿಗಾಗಿ 88824 98498 ಸಹಾಯವಾಣಿ ನಡೆಸುತ್ತದೆ. ಮಕ್ಕಳ ಜಂಟಿ ಪಾಲನೆಯ ವಿಚಾರಕ್ಕೆ ಕ್ರಿಸ್ಪ್ ಎಂಬ ಸಂಸ್ಥೆ ಇದೆ. ನನ್ನ ಅಭಿಪ್ರಾಯ ಕೇಳಿದರೆ: ಇಂಥ ಕೂಟಗಳಲ್ಲಿ ನ್ಯಾಯಾಲಯದ ನಡಾವಳಿ ತಿಳಿದವರು ಸಿಗುತ್ತಾರೆ, ನಾನೊಬ್ಬನೇ ಅಲ್ಲ ಎಂಬ ಧೈರ್ಯ ಸಿಗುತ್ತದೆ. ಕೆಲವೊಮ್ಮೆ ಹೆಂಗಸರೆಲ್ಲ ಹೀಗೇ ಎಂಬ ಮಾತೂ ಸಿಗುತ್ತದೆ. ಮೊದಲ ಎರಡನ್ನು ತೆಗೆದುಕೊಂಡು ಮೂರನೆಯದನ್ನು ಅಲ್ಲೇ ಬಿಟ್ಟು ಬನ್ನಿ. ನ್ಯಾಯಾಧೀಶರ ಎದುರು ಆ ಮಾತು ನಿಮಗೆ ಕೆಡುಕನ್ನೇ ಮಾಡುತ್ತದೆ.

ವನಿತಾ ಸಹಾಯವಾಣಿಯಿಂದ ಕರೆ ಬಂದಿದೆ. ಹೋಗಬೇಕೇ?

ಹೋಗಿ. ಅದು ನಗರ ಪೊಲೀಸರ ಜೊತೆ ನಡೆಯುವ ಮಹಿಳೆಯರ ಸಹಾಯ ಕೇಂದ್ರ, ಹೆಂಡತಿ ದೂರು ಕೊಟ್ಟಾಗ ಅಲ್ಲಿಂದ ಕರೆ ಬರುತ್ತದೆ. ಅಲ್ಲಿ ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತಾರೆ. ನಿಮ್ಮ ಕಾಗದಗಳನ್ನು ಒಯ್ದು ನಿಮ್ಮ ಕಡೆಯದನ್ನೂ ಹೇಳಿ.

ಇವತ್ತು ರಾತ್ರಿ ಎಲ್ಲಿ ಮಲಗಲಿ?

ಹೊಡೆತ ತಿಂದ ಗಂಡಸರಿಗೆಂದೇ ಸರ್ಕಾರಿ ಆಶ್ರಯಧಾಮವಿಲ್ಲ. ನಿರ್ಗತಿಕರಿಗೆಂದು ಪಾಲಿಕೆ ನಡೆಸುವ ರಾತ್ರಿ ತಂಗುದಾಣಗಳಲ್ಲಿ ಗಂಡಸರಿಗೆ ಜಾಗವಿರುತ್ತದೆ, ಆದರೆ ಅಲ್ಲಿಗೆ ಹೋಗಲು ಮನಸ್ಸು ಒಪ್ಪುವವರು ಕಡಿಮೆ. ಬಹುತೇಕರು ಕಾರಿನಲ್ಲಿ ಮಲಗುತ್ತಾರೆ, ಇಲ್ಲವೇ ಮೆಜೆಸ್ಟಿಕ್‌ಗೆ ಹೋಗಿ ಊರಿನ ಬಸ್ಸು ಹತ್ತುತ್ತಾರೆ. ನಂಬಿಕಸ್ಥ ಸ್ನೇಹಿತನೊಬ್ಬನಿಗೆ ಮೊದಲೇ ಹೇಳಿಟ್ಟಿರಿ. ಪಿಜಿಗಳಲ್ಲಿ ದಿನದ ಲೆಕ್ಕದಲ್ಲೂ ಹಾಸಿಗೆ ಸಿಗುತ್ತದೆ.

ಆಧಾರ್, ಪಾಸ್‌ಪೋರ್ಟ್, ಅಂಕಪಟ್ಟಿಗಳು, ಮಕ್ಕಳ ಜನನ ಪ್ರಮಾಣಪತ್ರದ ನಕಲು, ಬ್ಯಾಂಕ್ ಪುಸ್ತಕ, ದಿನಾ ತೆಗೆದುಕೊಳ್ಳುವ ಮಾತ್ರೆ ಇರುವ ಒಂದು ಚೀಲವನ್ನು ಕಚೇರಿಯ ಕಪಾಟಿನಲ್ಲಿ ಇಟ್ಟಿರಿ.

ಮನೆ ಬಿಟ್ಟರೆ 'ಪರಿತ್ಯಾಗ' ಆಗುತ್ತದೆ ಎಂಬ ಭಯ ಬೇಡ. ಹಿಂದೂ ವಿವಾಹ ಕಾಯ್ದೆಯಲ್ಲಿ ಅದಕ್ಕೆ ಸಕಾರಣವಿಲ್ಲದೆ ಕನಿಷ್ಠ ಎರಡು ವರ್ಷ ಬಿಟ್ಟಿರಬೇಕು, ಹಿಂಸೆ ತಾಳದೆ ಹೊರಬಂದದ್ದು ಸಕಾರಣವೇ. ಯಾಕೆ ಹೊರಬಂದೆ ಎಂದು ಠಾಣೆಗೆ ಒಂದು ಪತ್ರ ಕೊಟ್ಟಿರಿ. ಬಾಡಿಗೆ, ಶಾಲೆಯ ಶುಲ್ಕ ನಿಲ್ಲಿಸಬೇಡಿ. ಬೀಗ ಬದಲಾಯಿಸಿ ಹೆಂಡತಿಯನ್ನು ಹೊರಗೆ ನಿಲ್ಲಿಸುವ ಕೆಲಸವಂತೂ ಬೇಡವೇ ಬೇಡ, ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಕಾನೂನು ಅವರಿಗೆ ಕೊಟ್ಟಿದೆ.

ದೂರು ಕೊಟ್ಟರೆ 498ಎ ಹಾಕುತ್ತೇನೆ ಎನ್ನುತ್ತಾಳೆ.

498ಎ ಎಂದರೆ ಹೆಂಡತಿಯ ಮೇಲೆ ಗಂಡ ಅಥವಾ ಅವನ ಮನೆಯವರು ಕ್ರೌರ್ಯ ನಡೆಸಿದರೆ ಹಾಕುತ್ತಿದ್ದ ಹಳೆಯ ಐಪಿಸಿ ಕಲಮು. ಈಗ ಅದು ನ್ಯಾಯ ಸಂಹಿತೆಯ 85ನೇ ಕಲಮು, ಗರಿಷ್ಠ ಮೂರು ವರ್ಷ ಶಿಕ್ಷೆ. ದೂರು ಬಿದ್ದ ಕೂಡಲೇ ಬಂಧನ ಎಂಬ ಕಾಲ ಹೋಯಿತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ನಾಗರಿಕ ಸುರಕ್ಷಾ ಸಂಹಿತೆಯ 35(3)ರಡಿ ನೋಟಿಸ್ ಬಂದರೆ ತಪ್ಪದೆ ಹಾಜರಾಗಿ. ಬಂಧನದ ಭಯವಿದ್ದರೆ 482ರಡಿ ನಿರೀಕ್ಷಣಾ ಜಾಮೀನು ಕೇಳಬಹುದು.

ಈ ಬೆದರಿಕೆ ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ ಅಳಿಸಬೇಡಿ. ಆದರೆ ಇದೇ ಭಯದಿಂದ ವರ್ಷಗಟ್ಟಲೆ ಸುಮ್ಮನಿದ್ದು, ಅವರ ದೂರು ಬಿದ್ದ ಮರುದಿನ ನೀವು ಠಾಣೆಗೆ ಓಡಿದರೆ ನಿಮ್ಮದು ಪ್ರತಿದೂರಿನಂತೆ ಕಾಣುತ್ತದೆ.

ನಾನು ತಂದೆ. ಮಕ್ಕಳನ್ನು ಬಿಟ್ಟು ಹೇಗೆ ಹೊರಬರಲಿ?

ಹೆಚ್ಚಿನವರನ್ನು ಆ ಮನೆಯಲ್ಲಿ ಕಟ್ಟಿಹಾಕಿರುವುದು ಈ ಪ್ರಶ್ನೆ. ಮಗುವಿಗೂ ಏಟು ಬೀಳುತ್ತಿದ್ದರೆ 1098ಕ್ಕೆ ಕರೆ ಮಾಡಿ. ಅದು ಮಕ್ಕಳ ಸಹಾಯವಾಣಿ, ಹೊಡೆದವರು ಯಾರೆಂಬುದು ಅಲ್ಲಿ ಅಡ್ಡ ಬರುವುದಿಲ್ಲ.

ಶಾಲೆಯ ಗೇಟಿನಿಂದ ಮಗುವನ್ನು ಎತ್ತಿಕೊಂಡು ಊರಿಗೆ ಹೋಗಿಬಿಡುವ ಯೋಚನೆ ಅನೇಕರಿಗೆ ಬರುತ್ತದೆ. ಬೇಡ. ಒಂದೇ ದಿನದಲ್ಲಿ ನೀವು ನೊಂದವರ ಸ್ಥಾನದಿಂದ ಅಪಹರಿಸಿದವರ ಸ್ಥಾನಕ್ಕೆ ಬಂದಿರುತ್ತೀರಿ. ಮಗು ವಾಸವಿರುವ ಊರಿನ ಕೌಟುಂಬಿಕ ನ್ಯಾಯಾಲಯದಲ್ಲಿ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಡಿ ಅರ್ಜಿ ಹಾಕಿ, ಮುಖ್ಯ ಅರ್ಜಿ ಇತ್ಯರ್ಥವಾಗುವವರೆಗೆ ಮಧ್ಯಂತರ ಭೇಟಿ ಕೇಳಿ. ಹಿಂದೂಗಳಿಗೆ ಅನ್ವಯಿಸುವ 1956ರ ಕಾಯ್ದೆಯ ಪ್ರಕಾರ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರುತ್ತದೆ, ಆದರೆ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ಉಳಿದ ಆರು ತಿಂಗಳು ತಾಯಿಯ ಬಳಿ ಮಗು ಇರಲಿ ಎಂದು ಆದೇಶಿಸಿತ್ತು. ಎಲ್ಲರಿಗೂ ಅದು ಸಿಗುತ್ತದೆಂದಲ್ಲ, ಕೇಳುವುದರಲ್ಲಿ ತಪ್ಪಿಲ್ಲ ಎಂದಷ್ಟೇ.

ನ್ಯಾಯಾಲಯ ನೋಡುವುದು ಸಣ್ಣ ಸಂಗತಿಗಳನ್ನು. ಲಸಿಕೆ ಹಾಕಿಸಿದವರು ಯಾರು, ಪೋಷಕರ ಸಭೆಗೆ ಹೋದವರು ಯಾರು, ಶಾಲಾ ಡೈರಿಯಲ್ಲಿ ಯಾರ ಸಹಿ ಇದೆ. ಡೈರಿಯ ಆ ಪುಟಗಳ ಫೋಟೊ ತೆಗೆದಿಡಿ.

ಇವನ್ನೆಲ್ಲ ಕ್ರೌರ್ಯವೆಂದು ಹೇಳಿ ವಿಚ್ಛೇದನ ಕೇಳಬಹುದೇ?

ಕೇಳಬಹುದು. ಹಿಂದೂ ವಿವಾಹ ಕಾಯ್ದೆಯ 13(1)(ಐಎ) ಕ್ರೌರ್ಯದ ಆಧಾರ, ಅದು ಇಬ್ಬರಿಗೂ ಇದೆ. ವಿಶೇಷ ವಿವಾಹ ಕಾಯ್ದೆಯಲ್ಲೂ ಕ್ರೈಸ್ತರ ವಿಚ್ಛೇದನ ಕಾಯ್ದೆಯಲ್ಲೂ ಅಂಥ ಅವಕಾಶವಿದೆ. ಆತ್ಮಹತ್ಯೆಯ ಬೆದರಿಕೆಯನ್ನು ಮತ್ತೆ ಮತ್ತೆ ಒಡ್ಡುವುದು ಕ್ರೌರ್ಯವೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ್ದು ಬೆಂಗಳೂರಿನಿಂದಲೇ ಹೋದ ಪ್ರಕರಣದಲ್ಲಿ. ಆ ಗಂಡನಿಗೆ ಕೌಟುಂಬಿಕ ನ್ಯಾಯಾಲಯ ವಿಚ್ಛೇದನ ಕೊಟ್ಟಿದ್ದು 2001ರಲ್ಲಿ. ನಡುವಿನ ಹದಿನೈದು ವರ್ಷವನ್ನು ಲೆಕ್ಕ ಹಾಕಿಕೊಳ್ಳಿ. ಅದಕ್ಕೇ ಪರಸ್ಪರ ಒಪ್ಪಿಗೆಯ ದಾರಿ ಸಾಧ್ಯವಿದ್ದರೆ ಅದನ್ನೇ ಮೊದಲು ನೋಡಿ ಎನ್ನುತ್ತೇನೆ.

ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ ಕೌಟುಂಬಿಕ ನ್ಯಾಯಾಲಯವೂ ಇದೆ, 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಇದೆ. ಒಂದೇ ಮೇಜಿಗೆ ಎದುರುಬದುರು ಕೂರಲು ಭಯವಿದ್ದರೆ ಮಧ್ಯಸ್ಥಗಾರರಿಗೆ ಮೊದಲೇ ತಿಳಿಸಿ, ಪ್ರತ್ಯೇಕವಾಗಿ ಮಾತನಾಡಿಸುತ್ತಾರೆ.

ವಕೀಲರ ಶುಲ್ಕಕ್ಕೆ ದುಡ್ಡಿಲ್ಲ.

ಅದೇ ನ್ಯಾಯದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಉಚಿತ ವಕೀಲರು ಸಿಗಲು ಗಂಡಸರಿಗೆ ವಾರ್ಷಿಕ ಆದಾಯದ ಮಿತಿ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರಿಗೆ ಆ ಮಿತಿ ಇಲ್ಲ. 15100ಕ್ಕೆ ಕರೆ ಮಾಡಿ ವಿಚಾರಿಸಿ.

ನಮ್ಮ ತಂದೆಗೆ ಎಪ್ಪತ್ತು ವರ್ಷ. ಮಗನೇ ಹೊಡೆಯುತ್ತಾನೆ.

ಇಲ್ಲಿ ಕಾನೂನು ಗಂಡು ಹೆಣ್ಣು ನೋಡುವುದಿಲ್ಲ. 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಬೆಂಗಳೂರು ನಗರ ಜಿಲ್ಲೆಯವರು ಕೆಂಪೇಗೌಡ ರಸ್ತೆಯ ಕಂದಾಯ ಭವನದಲ್ಲಿ ವಿಚಾರಿಸಿ. ತಿಂಗಳಿಗೆ ಹತ್ತು ಸಾವಿರ ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅಲ್ಲಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು 23ನೇ ಕಲಮಿನಡಿ ರದ್ದುಮಾಡಿಸಬಹುದು. ಇನ್ನೂ ಬರೆದುಕೊಡದವರು ಆ ಷರತ್ತನ್ನು ಪತ್ರದಲ್ಲೇ ಸೇರಿಸಿ, ಬಾಯಿಮಾತನ್ನು ನೆಚ್ಚಬೇಡಿ. ಆದರೆ ಈ ಕಾಯ್ದೆಯನ್ನು ಸೊಸೆಯನ್ನು ಹೊರಹಾಕುವ ಅಡ್ಡದಾರಿಯಾಗಿ ಬಳಸಲು ಬರುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ.

ಫೋನ್ ಮಾಡುವುದಾದರೆ ನಗರ ಪೊಲೀಸರ ಹಿರಿಯರ ಸಹಾಯವಾಣಿ 1090, ರಾಷ್ಟ್ರೀಯ ಎಲ್ಡರ್‌ಲೈನ್ 14567. ಅಪ್ಪಂದಿರು ತಾವಾಗಿ ಮಾಡುವುದಿಲ್ಲ, "ನನ್ನ ಮಗನನ್ನು ಒಳಗೆ ಹಾಕಿಬಿಡುತ್ತಾರೆ" ಎನ್ನುತ್ತಾರೆ. ನೀವು ಮಾಡಿ.

ನಾನೂ ಒಂದೆರಡು ಸಲ ಕೈ ಮಾಡಿದ್ದೇನೆ. ನನಗೆ ಸಹಾಯ ಕೇಳುವ ಹಕ್ಕಿದೆಯೇ?

ಇದೆ. ಆದರೆ ಅದನ್ನು ಮುಚ್ಚಿಡಬೇಡಿ, ಆಪ್ತಸಮಾಲೋಚಕರಿಗೂ ವಕೀಲರಿಗೂ ಮೊದಲ ದಿನವೇ ಹೇಳಿ. ಏಟು ತಪ್ಪಿಸಿಕೊಳ್ಳಲು ಕೈ ಹಿಡಿದದ್ದು ಒಂದು, ತಿರುಗಿ ಬಾರಿಸಿದ್ದು ಇನ್ನೊಂದು. ಎರಡನೆಯದು ಆಗಿದ್ದರೆ ಅವರಿಗೂ ನಿಮ್ಮ ಮೇಲೆ ದೂರು ಕೊಡುವ ಹಕ್ಕಿದೆ. ಮುಂದಿನ ಸಲ ಕೈ ಎತ್ತಬೇಕೆನಿಸಿದಾಗ ಚಪ್ಪಲಿಯನ್ನೂ ಹುಡುಕದೆ ಮನೆಯಿಂದ ಹೊರಗೆ ನಡೆಯಿರಿ.

ನನ್ನ ಅಣ್ಣನಿಗೆ ಹೀಗಾಗುತ್ತಿದೆ ಎಂಬ ಅನುಮಾನ. ಹೇಗೆ ಕೇಳಲಿ?

ಹಬ್ಬದ ಪಂಕ್ತಿಯಲ್ಲಿ ಕೇಳಬೇಡಿ. ಒಬ್ಬರೇ ಸಿಕ್ಕಾಗ, ದರ್ಶಿನಿಯ ಮೂಲೆಯಲ್ಲಿ ಕಾಫಿ ಹಿಡಿದು ನಿಂತಾಗ ಕೇಳಿ. "ನಿನ್ನ ಹೆಂಡತಿ ಎಂಥವಳು" ಎಂದು ಶುರುಮಾಡಿದರೆ ಅವರು ಹೆಂಡತಿಯ ಪರವಾಗಿ ವಾದಿಸತೊಡಗುತ್ತಾರೆ. ಅವರ ಬಗ್ಗೆಯೇ ಕೇಳಿ. "ಹೊಂದಿಕೊಂಡು ಹೋಗು" ಎಂದಾಗಲೀ "ನಾಳೆಯೇ ಬಿಟ್ಟು ಬಾ" ಎಂದಾಗಲೀ ಹೇಳಬೇಡಿ. ನಿಮ್ಮ ಮನೆಯ ಹೆಚ್ಚುವರಿ ಕೀಲಿ ಕೊಡಿ.

ಆ ಗುಮಾಸ್ತರನ್ನು ನಮ್ಮ ಹತ್ತಿರ ಕಳಿಸಿದ್ದು ಅವರ ತಂಗಿ. ಆಕೆ ಏನನ್ನೂ ವಿಚಾರಿಸಿರಲಿಲ್ಲವಂತೆ. ಊಟಕ್ಕೆ ಬಂದ ಅಣ್ಣ ಕೈ ತೊಳೆಯುವಾಗಲೂ ಗುಂಡಿ ಬಿಚ್ಚದಿರುವುದನ್ನು ನೋಡಿ, ಟವೆಲ್ ಹಿಡಿದುಕೊಂಡೇ "ಅಣ್ಣಾ, ತೋಳು ಮಡಚು, ಒದ್ದೆಯಾಗುತ್ತದೆ" ಎಂದರಂತೆ.